ಹೆಂಗಸರ ಕೈಗೆ ಬಗ್ಗದ ಗಾಡಿ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ತಿಂಗಳು ಇಲ್ಲಿ ಮಂಡಿನೋವಿನ ಬಗ್ಗೆ ಮಾತು ಕೇಳಿದೆವು. ಅದರ ಹಿಂದಿನ ತಿಂಗಳು ಬಾಲ್ಕನಿಯಲ್ಲಿ ತರಕಾರಿ ಬೆಳೆಯುವುದು. ಈ ಸಲ ನೀವು ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ, "ಹಳೇ ಪಿಕಪ್ ಗಾಡಿಯ ಸ್ಟೇರಿಂಗ್ ಮತ್ತು ಸಸ್ಪೆನ್ಷನ್ ಬಗ್ಗೆ ಮಾತಾಡಲಾ?" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದರಲ್ಲಿ ನಮಗೇನಿದೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಎರಡು ವರ್ಷದ ಹಿಂದೆ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನಾನು ಮೆಕ್ಯಾನಿಕ್ ಅಲ್ಲ. ಇಲ್ಲೇ ಪುಣೆಯಲ್ಲಿ, ಭೋಸರಿಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ 24 ವರ್ಷ ಕೆಲಸ ಮಾಡಿದವಳು. ಅಲ್ಲಿ ಗಾಡಿಗಳ ಬಿಡಿಭಾಗ ತಯಾರಾಗುತ್ತಿದ್ದವು. ಟೈ ರಾಡ್ ಎಂಡ್, ಶಾಕಲ್ ಪಿನ್, ಬುಶ್ ಎಂದು ಬಿಲ್ಲುಗಳಲ್ಲಿ ಸಾವಿರಾರು ಸಲ ಟೈಪ್ ಮಾಡಿದ್ದೇನೆ. ಅವು ಗಾಡಿಯಲ್ಲಿ ಎಲ್ಲಿರುತ್ತವೆ, ಏನು ಮಾಡುತ್ತವೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ನನ್ನ ತವರು ಮೂಡಿಗೆರೆ ತಾಲ್ಲೂಕಿನಲ್ಲಿ. ಎಂಟು ಎಕರೆ ಕಾಫಿ ತೋಟ, ನಡುವೆ ಕಾಳುಮೆಣಸು. ಡಾಂಬರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ, ದಾರಿಯಲ್ಲಿ ಒಂದು ಹಳ್ಳ. ಮಳೆಗಾಲದಲ್ಲಿ ಆಟೋದವರು ಬರುವುದಿಲ್ಲ, ಸಣ್ಣ ಕಾರು ಹೋಗುವುದಿಲ್ಲ. ಅಲ್ಲಿ ಓಡುವುದು ನಾಲ್ಕೂ ಚಕ್ರ ಎಳೆಯುವ ಗಾಡಿ ಮಾತ್ರ. ಅಪ್ಪ ಕೊಂಡದ್ದು ಅಂಥದೊಂದು ಪಿಕಪ್, 1994ರ ಮಾಡೆಲ್. ಅಮೆರಿಕದ ಸೈನ್ಯಕ್ಕೆಂದು 1941ರಲ್ಲಿ ಕಾರ್ಖಾನೆಯಿಂದ ಹೊರಬರತೊಡಗಿ, ಆಮೇಲೆ ನಮ್ಮ ಮುಂಬಯಿಯಲ್ಲೂ ಜೋಡಣೆ ಶುರುವಾಯಿತಲ್ಲ, ಆ ಜೀಪಿನ ವಂಶದ್ದು. ಮುಂದೆ ಇಬ್ಬರು ಮೂವರು ಕೂರಬಹುದು, ಹಿಂದೆ ಮೂಟೆ. ಗೊಬ್ಬರ ಬಂದದ್ದೂ ಅದರಲ್ಲೇ, ಕಾಫಿ ಹೋದದ್ದೂ ಅದರಲ್ಲೇ, ನನ್ನ ಮದುವೆಗೆ ಪಾತ್ರೆ ಬಂದದ್ದೂ ಅದರಲ್ಲೇ.

ಅದರ ಬಗ್ಗೆ ಅಪ್ಪನದೊಂದು ಮಾತಿತ್ತು: "ಇದು ಹೆಂಗಸರ ಕೈಗೆ ಬಗ್ಗೋ ಗಾಡಿ ಅಲ್ಲ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಮ್ಮೆ ಅಂಗಳದಲ್ಲಿ ನನ್ನನ್ನೇ ಕೂರಿಸಿ, "ತಿರುಗಿಸು ನೋಡೋಣ" ಎಂದಿದ್ದರು. ಎರಡೂ ಕೈಯಲ್ಲಿ ನೇತುಬಿದ್ದರೂ ಸ್ಟೇರಿಂಗ್ ಕದಲಲಿಲ್ಲ. ಸರಿ, ನನ್ನ ಕೈಯಲ್ಲಿ ಬಲ ಇಲ್ಲ ಎಂದುಕೊಂಡು ಇಳಿದೆ. ಅಮ್ಮನೂ ಇಳಿದಿದ್ದರು, ಆಮೇಲೆ ಬಂದ ಅತ್ತಿಗೆಯೂ ಇಳಿದರು. ಮೂವರಲ್ಲಿ ಒಬ್ಬರಿಗೂ ಗಾಡಿಯ ಮೇಲೆ ಅನುಮಾನ ಬರಲಿಲ್ಲ.

ಅಪ್ಪ ಹೋದ ಮೇಲೆ ಗಾಡಿ ಅಣ್ಣನ ಕೈಗೆ ಬಂತು. ಅಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಅಜ್ಜನ ಗಾಡಿ ಎಂದರೆ ಪ್ರಾಣ. ಮಳೆಗಾಲದಲ್ಲಿ ಕೆಸರಲ್ಲಿ, ಬಂಡೆ ಮೇಲೆ ಗಾಡಿ ಹತ್ತಿಸುವ ಗೆಳೆಯರ ಗುಂಪು ಸೇರಿಕೊಂಡ. ಸಂಬಳದಲ್ಲಿ ಉಳಿಸಿದ 1 ಲಕ್ಷ 10 ಸಾವಿರ ಖರ್ಚು ಮಾಡಿ ಗಾಡಿಯನ್ನು ಎತ್ತರಿಸಿದ. ಮುಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದ, ಉದ್ದನೆಯ ಶಾಕಲ್ ಹಾಕಿಸಿದ, ದೊಡ್ಡ ಟೈರ್ ಹಾಕಿಸಿದ. ಫೋಟೋ ನಮ್ಮ ಮನೆಯ ಗುಂಪಿಗೂ ಬಂತು. ನೋಡಲು ಚೆನ್ನಾಗಿಯೇ ಇತ್ತು. ನಾನೂ ಹೆಬ್ಬೆರಳು ಎತ್ತಿ ತೋರಿಸಿದೆ.

2023ರ ಜುಲೈಯಲ್ಲಿ ಅಣ್ಣನಿಗೆ ಪಾರ್ಶ್ವವಾಯು ಆಯಿತು. ಜೀವಕ್ಕೆ ತೊಂದರೆಯಾಗಲಿಲ್ಲ, ಆದರೆ ಎಡಗಾಲಿನಲ್ಲಿ ಕ್ಲಚ್ ಒತ್ತುವ ಶಕ್ತಿ ಹೋಯಿತು. ಮನೆಯಲ್ಲಿ ಉಳಿದದ್ದು ಅತ್ತಿಗೆ. 54 ವರ್ಷ, ಐದಡಿ ಎತ್ತರ, ಪೇಟೆಯಲ್ಲಿ ಕಾರು ಓಡಿಸಿ ಅಭ್ಯಾಸ ಇದೆ. ಡ್ರೈವರ್ ಕೊಯ್ಲಿನ ಕಾಲಕ್ಕೆ ಸಿಗುವುದಿಲ್ಲ, ಸಿಕ್ಕರೂ ದಿನಾ ಬರುವುದಿಲ್ಲ. ಅತ್ತಿಗೆ ಧೈರ್ಯ ಮಾಡಿ ಪಿಕಪ್ ಹತ್ತಿದರು. ಮೂರನೇ ದಿನ ಇಳಿಜಾರಿನಲ್ಲಿ, ಹೆಚ್ಚೆಂದರೆ ನಲವತ್ತರ ವೇಗ, ಒಂದು ಗುಂಡಿಗೆ ಮುಂಚಕ್ರ ಬಿತ್ತು. ಅಷ್ಟೇ. ಮುಂದಿನ ಎರಡೂ ಚಕ್ರ ಗಡಗಡ ನಡುಗಲು ಶುರು. ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಕೈಗೆ ಬಡಿಯುತ್ತದೆ, ಗಾಡಿ ಇಡೀ ಕುಣಿಯುತ್ತದೆ, ಒಂದು ಪಕ್ಕದಲ್ಲಿ ಕಣಿವೆ. ಅತ್ತಿಗೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಒಳಗಿನ ಧರೆಯ ಕಡೆಗೆ ಗಾಡಿ ಒರಗಿಸಿ ನಿಲ್ಲಿಸಿದರು. ಎರಡು ಮಣಿಕಟ್ಟೂ ಬಾತುಕೊಂಡಿದ್ದವು.

ಆ ರಾತ್ರಿ ಅಣ್ಣ ನನಗೆ ಫೋನ್ ಮಾಡಿ, "ಗಾಡಿ ಮಾರಿಬಿಡೋಣ, ತೋಟ ಗುತ್ತಿಗೆಗೆ ಕೊಡೋಣ. ಅಪ್ಪ ಹೇಳಿದ್ದು ಸರಿ, ಇದು ಹೆಂಗಸರ ಕೈಗೆ ಬಗ್ಗೋದಲ್ಲ" ಎಂದ. ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ತೋಟ ಕೊಡೋದು ಬೇಡ."

ಸೆಪ್ಟೆಂಬರ್ ಕೊನೆಗೆ ನಾನು ಊರಿಗೆ ಹೋದೆ. ನಾನೂ ಅತ್ತಿಗೆಯೂ ಬಾಡಿಗೆ ಡ್ರೈವರ್ ಕೈಲಿ ಗಾಡಿ ಓಡಿಸಿಕೊಂಡು ಮೂಡಿಗೆರೆ ಪೇಟೆಯ ಹೊರಗಿರುವ ಒಂದು ಶೆಡ್ಡಿಗೆ ಹೋದೆವು. ಅಲ್ಲಿನ ಮೇಸ್ತ್ರಿಗೆ ಅರವತ್ತು ದಾಟಿದೆ. ನನ್ನ ಅಣ್ಣನ ಮಗನೂ ಬೆಂಗಳೂರಿನಿಂದ ಬಂದಿದ್ದ. ಅವನ ಸಲಹೆ ತಯಾರಾಗಿತ್ತು: "ಅತ್ತೆ, ಹೊಸ ಮಾಡೆಲ್ ಗಾಡಿಯ ಪವರ್ ಸ್ಟೇರಿಂಗ್ ಕೂರಿಸೋಣ. ನಡುಕಕ್ಕೆ ಡ್ಯಾಂಪರ್ ಇನ್ನೂ ಗಟ್ಟಿಯದು ಹಾಕೋಣ."

ಡ್ಯಾಂಪರ್ ಎಂದರೆ ಸ್ಟೇರಿಂಗ್ ರಾಡಿಗೆ ಅಡ್ಡಲಾಗಿ ಹಾಕುವ, ಶಾಕ್ ಅಬ್ಸಾರ್ಬರ್ ಥರದ ಒಂದು ಕೊಳವೆ. ರಾಡು ಜೋರಾಗಿ ಅಲ್ಲಾಡದಂತೆ ತಡೆಯುತ್ತದೆ. ಅವನು ಮೊದಲೇ ಒಂದು ಹಾಕಿಸಿದ್ದ. ಮೇಸ್ತ್ರಿ ಮೊದಲು ಮಾಡಿದ ಕೆಲಸ ಅದನ್ನು ಬಿಚ್ಚಿ ಪಕ್ಕಕ್ಕಿಟ್ಟದ್ದು. "ಇದು ನೋವಿನ ಮಾತ್ರೆ ಇದ್ದ ಹಾಗೆ. ನುಂಗಿಕೊಂಡು ಬಂದರೆ ಹಲ್ಲು ಯಾವುದು ಹುಳುಕು ಅಂತ ಹೇಗೆ ನೋಡಲಿ?"

ಆಮೇಲೆ ಮುಂಭಾಗ ಜಾಕ್ ಕೊಟ್ಟು ಎತ್ತಿದರು. ಅವರು ಹೇಳಿಕೊಟ್ಟದ್ದನ್ನು ಹಾಗೇ ಹೇಳುತ್ತೇನೆ. ಗಾಡಿಯನ್ನು ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟ ಮೇಲೆ, ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಬೇಕು. ಕಟಕ್ ಎಂದರೆ ವೀಲ್ ಬೇರಿಂಗ್ ಅಥವಾ ಕಿಂಗ್ ಪಿನ್ ಸಡಿಲ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಕಟಕ್ ಎಂದರೆ ಟೈ ರಾಡ್ ಎಂಡ್ ಅನುಮಾನ. ನಾನು ಹಿಡಿದು ಅಲ್ಲಾಡಿಸಿದೆ. ಎಡಚಕ್ರ ಎರಡು ರೀತಿಯಲ್ಲೂ ಕಟಕ್ ಎಂದಿತು. 24 ವರ್ಷ ಟೈಪ್ ಮಾಡಿದ ಟೈ ರಾಡ್ ಎಂಡಿನ ದನಿಯನ್ನು ಅವತ್ತು ಮೊದಲ ಸಲ ಕೇಳಿದೆ.

ಕಿಂಗ್ ಪಿನ್ ಎಂದರೆ ಏನು? ಬಾಗಿಲಿಗೆ ಮೇಲೊಂದು ಕೆಳಗೊಂದು ಕೀಲು ಇದ್ದ ಹಾಗೆ, ಮುಂಚಕ್ರ ಎಡಬಲಕ್ಕೆ ತಿರುಗಲು ಮೇಲೊಂದು ಕೆಳಗೊಂದು ಪಿನ್, ಪ್ರತಿಯೊಂದಕ್ಕೂ ಒಂದು ಬೇರಿಂಗ್. ಮೇಸ್ತ್ರಿ ಟೈ ರಾಡ್ ಬಿಚ್ಚಿ, ಮೆಣಸು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತಂದು ಚಕ್ರ ತಿರುಗಿಸುವ ತೋಳಿಗೆ ಸಿಕ್ಕಿಸಿ ಎಳೆದರು. ನಾನು ಅಂಕಿ ಬರೆದುಕೊಂಡೆ, ಅದು ನನ್ನ ಕಸುಬು. ಎಡಗಡೆ 2 ಕಿಲೋ ಎಳೆತಕ್ಕೇ ತೂಗಾಡಿತು. ಬಲಗಡೆ 15 ಕಿಲೋ ದಾಟಿದರೂ ಕದಲದೆ, ಆಮೇಲೆ ಒಮ್ಮೆಲೇ ಜಿಗಿಯಿತು.

ಬಿಚ್ಚಿ ನೋಡಿದರೆ ಒಳಗೆ ಗ್ರೀಸ್ ಎಂಬುದೇ ಇಲ್ಲ. ಹಳ್ಳ ದಾಟಿ ದಾಟಿ, ಸವೆದ ಸೀಲಿನಿಂದ ನೀರು ಒಳಗೆ ಹೋಗಿ, ಬಲಗಡೆಯ ಬೇರಿಂಗ್ ತುಕ್ಕು ಹಿಡಿದು ಕಂದು ಪುಡಿಯಾಗಿತ್ತು. ರೋಲರುಗಳು ತಾವು ಕೂತಿದ್ದ ಬಟ್ಟಲಿನಲ್ಲಿ ಗುಳಿ ಕೊರೆದಿದ್ದವು. ಚಕ್ರ ನೆಟ್ಟಗಿದ್ದಾಗ ರೋಲರ್ ಗುಳಿಯಲ್ಲಿ ಕೂರುತ್ತದೆ, ತಿರುಗಿಸಬೇಕೆಂದರೆ ಗುಳಿಯಿಂದ ಎಬ್ಬಿಸಬೇಕು. "ಎಷ್ಟು ವರ್ಷದ್ದು ಇದು?" ಎಂದೆ. ಮೇಸ್ತ್ರಿ ಬೇರಿಂಗನ್ನು ಬೆಳಕಿಗೆ ಹಿಡಿದು, "ಬಿಚ್ಚಿದ ಗುರುತೇ ಇಲ್ಲಮ್ಮ. ನಿಮ್ಮ ತಂದೆಯವರ ಕಾಲದಿಂದಲೇ ಇರಬೇಕು" ಎಂದರು.

ಆ ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡು ನಾನೂ ಅತ್ತಿಗೆಯೂ ಸುಮ್ಮನೆ ನಿಂತೆವು. ನಮ್ಮ ಮನೆಯ ಮೂವರು ಹೆಂಗಸರು ತಮ್ಮ ಕೈಯಲ್ಲಿ ಬಲ ಇಲ್ಲ ಎಂದುಕೊಂಡದ್ದು ಇದಕ್ಕೆ. ಅಪ್ಪನಿಗೆ ತೋಳಿನ ಬಲ ಇತ್ತು, ಹಾಗಾಗಿ ಗಾಡಿಯ ಕಾಯಿಲೆ ಅವರಿಗೆ ಗೊತ್ತೇ ಆಗಲಿಲ್ಲ.

ಹಾಗಾದರೆ ಅಪ್ಪನ ಕಾಲದಲ್ಲಿ ಇಲ್ಲದ ನಡುಕ ಈಗ ಯಾಕೆ ಬಂತು? ಮೇಸ್ತ್ರಿ ನನ್ನ ಅಣ್ಣನ ಮಗನನ್ನು ಬೈಯಲಿಲ್ಲ. ಶೆಡ್ಡಿನ ಮೂಲೆಯಲ್ಲಿದ್ದ ಸೈಕಲ್ ತೋರಿಸಿದರು. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರುವುದಿಲ್ಲ, ಮೇಲ್ತುದಿ ನಮ್ಮ ಕಡೆಗೆ ವಾಲಿರುತ್ತದೆ. ಸೈಕಲ್ ನೆಟ್ಟಗೆ ಓಡಲು ಆ ವಾಲು ಸಹಾಯ ಮಾಡುತ್ತದೆ. ಗಾಡಿಯ ಕಿಂಗ್ ಪಿನ್ನೂ ಹಾಗೇ ಹಿಂದಕ್ಕೆ ಸ್ವಲ್ಪ ವಾಲಿರಬೇಕು, ಈ ವಂಶದ ಗಾಡಿಗಳಲ್ಲಿ ಸುಮಾರು 3 ಡಿಗ್ರಿ. ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗಾಗುವುದು ಅದರಿಂದ. ನಮ್ಮ ಗಾಡಿಯಲ್ಲಿ ಸ್ಪ್ರಿಂಗ್ ಪ್ಲೇಟಿನ ಹಿಂದಿನ ತುದಿ ಚಾಸಿಗೆ ಕಚ್ಚಿಕೊಂಡಿದೆ, ಮುಂದಿನ ತುದಿ ಶಾಕಲ್‌ನಲ್ಲಿ ತೂಗುತ್ತದೆ. ಆ ಶಾಕಲ್ ಉದ್ದ ಮಾಡಿದರೆ ಗಾಡಿ ಎತ್ತರವಾಗುತ್ತದೆ ನಿಜ, ಜೊತೆಗೆ ಮುಂದಿನ ಆಕ್ಸಲ್ಲು ಮೂಗು ಬಗ್ಗಿಸಿದ ಹಾಗೆ ಮುಂದಕ್ಕೆ ಉರುಳುತ್ತದೆ. ವಾಲು ಕರಗಿಹೋಗುತ್ತದೆ. ಆಗ ಚಕ್ರಕ್ಕೆ ನೆಟ್ಟಗಿರಬೇಕು ಎಂಬ ಬುದ್ಧಿಯೇ ಇರುವುದಿಲ್ಲ. ಅದರ ಮೇಲೆ ಎಡಗಡೆ ಸಡಿಲ ಕಿಂಗ್ ಪಿನ್, ಸವೆದ ಟೈ ರಾಡ್ ಎಂಡ್, ಭಾರದ ಟೈರು. ಒಂದು ಗುಂಡಿ ಸಾಕು, ಕುಣಿತ ಶುರುವಾಗುತ್ತದೆ.

ಎರಡನೆಯ ತಪ್ಪನ್ನು ಒಂದು ಕೋಲಿನಲ್ಲಿ ತೋರಿಸಿದರು. ನೀವೂ ಮನೆಗೆ ಹೋಗಿ ಮಾಡಿ ನೋಡಿ. ಒಂದು ಉದ್ದನೆಯ ಸೌಟನ್ನು ಮಟ್ಟವಾಗಿ ಹಿಡಿದು, ಹಿಡಿಯ ತುದಿ ಕದಲದಂತೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಎರಡು ಬೆರಳಷ್ಟು ಎತ್ತಿ. ತುದಿ ಪಕ್ಕಕ್ಕೆ ಸರಿಯುವುದು ಕಾಣುವುದೇ ಇಲ್ಲ. ಈಗ ಸೌಟನ್ನು ಓರೆಯಾಗಿ ಕೆಳಮುಖ ಹಿಡಿದು ಅಷ್ಟೇ ಎತ್ತಿ. ತುದಿ ಪಕ್ಕಕ್ಕೂ ಸರಿಯುತ್ತದೆ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ರಾಡು ಇಂಥದೇ ಸೌಟು. ಬಾಕ್ಸ್ ಇರುವುದು ಚಾಸಿಯಲ್ಲಿ, ಚಕ್ರ ಇರುವುದು ಕೆಳಗೆ ಆಕ್ಸಲ್ಲಿನಲ್ಲಿ. ಗಾಡಿ ಎತ್ತರಿಸಿದರೆ ರಾಡು ಓರೆಯಾಗುತ್ತದೆ. ಆಮೇಲೆ ಪ್ರತಿ ಗುಂಡಿಗೂ ಚಕ್ರ ಮೇಲೆ ಕೆಳಗೆ ಆದಾಗ, ನಾವು ತಿರುಗಿಸದಿದ್ದರೂ ಚಕ್ರ ತಾನೇ ಅಷ್ಟು ತಿರುಗುತ್ತದೆ. ಕಣಿವೆ ರಸ್ತೆಯಲ್ಲಿ ಅದೆಂಥ ಅಪಾಯ ಎಂದು ಬೇರೆ ಹೇಳಬೇಕಾಗಿಲ್ಲ.

ಇದನ್ನೆಲ್ಲ ನೋಡಿ ಹುಡುಗ ಮಂಕಾದ. "ಯಾರೂ ಹೇಳಲಿಲ್ಲ ಅತ್ತೆ. ಎಲ್ಲರೂ ಎಷ್ಟು ಇಂಚು ಎತ್ತರ ಅಂತಷ್ಟೇ ಮಾತಾಡ್ತಾರೆ" ಎಂದ. ಮೇಸ್ತ್ರಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಓಡಿಸೋದು ಯಾರು? ವರ್ಷಕ್ಕೆ ಎರಡು ದಿನ ನೀನಾ, ದಿನಾ ನಿಮ್ಮ ಅಮ್ಮನಾ?"

ಅಲ್ಲಿಂದ ಕೆಲಸದ ದಾರಿ ಸ್ಪಷ್ಟವಾಯಿತು. ಉದ್ದದ ಶಾಕಲ್ ತೆಗೆದು ಮೊದಲಿನ ಅಳತೆಯದು ಹಾಕಿದರು, ಈ ಸಲ ಗ್ರೀಸ್ ನಿಪ್ಪಲ್ ಇರುವ ಪಿನ್ನುಗಳ ಜೊತೆ. ಹೆಚ್ಚಿನ ಪ್ಲೇಟ್ ತೆಗೆದರು. ಸ್ಪ್ರಿಂಗ್ ಪ್ಲೇಟನ್ನು ಪುಣೆಯ ಗ್ಯಾರೇಜಿನವರು ಪಾಟಾ ಎನ್ನುತ್ತಾರೆ, ನೀವು ಕೇಳಿರಬಹುದು. ಹಳೆಯ ಪ್ಲೇಟುಗಳು ಕಮಾನು ಕಳೆದುಕೊಂಡು ಚಪ್ಪಟೆಯಾಗಿದ್ದವು. ಅವನ್ನು ಬಡಿಸಿ ಮತ್ತೆ ಕಮಾನು ತರಿಸಿದೆವು. ತೋಟದ ದಾರಿಯ ನಡುವೆ ಕಲ್ಲುಗಳಿವೆಯಲ್ಲ, ಅದಕ್ಕಾಗಿ ಒಂದು ಇಂಚು ಮಾತ್ರ ಹೆಚ್ಚು. ಅಷ್ಟಕ್ಕೆ ಡ್ರ್ಯಾಗ್ ಲಿಂಕ್ ಹೆಚ್ಚುಕಡಿಮೆ ಮಟ್ಟವಾಗಿಯೇ ಉಳಿಯಿತು. ಬುಶ್ ಹೊಸದು, ಯು ಬೋಲ್ಟ್ ಹೊಸದು, ಶಾಕ್ ಅಬ್ಸಾರ್ಬರ್ ಈ ಎತ್ತರಕ್ಕೆ ತಕ್ಕದ್ದು. ಎರಡೂ ಕಡೆ ಕಿಂಗ್ ಪಿನ್ ಬೇರಿಂಗ್, ಸೀಲ್ ಹೊಸದು. ಬಿಗಿ ಸರಿಮಾಡಲು ತೆಳ್ಳನೆಯ ತಗಡಿನ ಶಿಮ್ ಇಟ್ಟು, ಪ್ರತಿ ಸಲ ತಕ್ಕಡಿಯಲ್ಲಿ ಎಳೆದು, ಎರಡೂ ಕಡೆ 5 ಕಿಲೋ ಆಸುಪಾಸಿಗೆ ತಂದರು. ಟೈರು ಮೊದಲಿನ ಅಳತೆಗೆ ಬಂತು. ದೊಡ್ಡ ಟೈರನ್ನು ಅದೇ ಹಳೇ ಬ್ರೇಕು ನಿಲ್ಲಿಸಬೇಕು ಎಂಬುದು ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ. ಕೊನೆಗೆ ಸೀಮೆಸುಣ್ಣದ ಗೆರೆ ಎಳೆದು, ಟೇಪ್ ಹಿಡಿದು, ಎರಡು ಮುಂಚಕ್ರಗಳ ನಡುವಿನ ಅಂತರ ಹಿಂದಿಗಿಂತ ಮುಂದೆ ಒಂದೆರಡು ಮಿಲಿಮೀಟರ್ ಕಡಿಮೆ ಇರುವಂತೆ ಮಾಡಿದರು. ಟೇಪಿನ ಇನ್ನೊಂದು ತುದಿ ಹಿಡಿದವಳು ನಾನು.

ಎಲ್ಲ ಆದ ಮೇಲೆ, ಡ್ಯಾಂಪರ್ ಇಲ್ಲದೆಯೇ, ಮೇಸ್ತ್ರಿ ಗಾಡಿಯನ್ನು ಅದೇ ಇಳಿಜಾರಿಗೆ ಒಯ್ದು ಅದೇ ಗುಂಡಿಗೆ ಇಳಿಸಿದರು. ನಡುಕ ಇಲ್ಲ. ಆಮೇಲೆ ಡ್ಯಾಂಪರ್ ವಾಪಸ್ ಹಾಕಿದರು. "ಈಗ ಇರಲಿ, ಕಲ್ಲಿಗೆ ಹೊಡೆದಾಗ ಕೈಗೆ ಏಟು ಕಡಿಮೆ ಬೀಳುತ್ತೆ" ಎಂದರು.

ಪವರ್ ಸ್ಟೇರಿಂಗ್ ಏನಾಯಿತು ಎಂದು ಕೇಳುತ್ತೀರಿ. ಅದಕ್ಕೆ ಇಂಜಿನ್ನಿನಿಂದ ಬೆಲ್ಟಿನಲ್ಲಿ ಓಡುವ ಪಂಪು ಬೇಕು, ಹೊಸ ಬಾಕ್ಸು ಬೇಕು. ಆ ಬಾಕ್ಸು ಕೂರುವ ಜಾಗದಲ್ಲಿ ಚಾಸಿಗೆ ಬಲ ಕೊಡದಿದ್ದರೆ ಅಲ್ಲೇ ಬಿರುಕು ಬಿಡಬಹುದು. ಅದಲ್ಲದೆ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಗಳಿಗೆ, ಅಂದರೆ ಆರ್‌ಸಿಯಲ್ಲಿರುವ ವಿವರಗಳಿಗೆ, ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ನಮ್ಮ ಗಾಡಿಗೆ 15 ವರ್ಷ 2009ಕ್ಕೇ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ. 2024ರಲ್ಲಿ ಮತ್ತೆ ಗಾಡಿ ತೋರಿಸಬೇಕಿತ್ತು. ಆ ಎತ್ತರ, ಆ ಟೈರು ಇಟ್ಟುಕೊಂಡು ಹೋಗಿದ್ದರೆ ಏನಾಗುತ್ತಿತ್ತೋ. ಅಪಘಾತವಾಗಿದ್ದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ಮೇಸ್ತ್ರಿ ಹೇಳಿದ್ದು ಇಷ್ಟು: "ಇದ್ದದ್ದನ್ನು ಸರಿಮಾಡೋಣ. ಆಮೇಲೂ ಭಾರ ಅನ್ನಿಸಿದರೆ ಯೋಚಿಸೋಣ."

ಆಮೇಲೆ ಭಾರ ಅನ್ನಿಸಿತೇ? ನಿಂತಲ್ಲಿ ತಿರುಗಿಸಿದರೆ ಹೌದು, ಈಗಲೂ ಭಾರವೇ. ಆದರೆ ಚಕ್ರ ಸ್ವಲ್ಪ ಉರುಳಿದರೆ ಸಾಕು, ಸ್ಟೇರಿಂಗ್ ಮಾತು ಕೇಳುತ್ತದೆ. ಅತ್ತಿಗೆಗೆ ಇದ್ದ ನಿಜವಾದ ತೊಂದರೆ ಬೇರೆ. ಸೀಟು ಅಪ್ಪನ ಅಳತೆಗೆ ಇತ್ತು, ಅಪ್ಪ ಆರಡಿ. ಅತ್ತಿಗೆ ಸೀಟಿನ ಅಂಚಿಗೆ ಜಾರಿ ಕ್ಲಚ್ ಒತ್ತಬೇಕಿತ್ತು, ಬೆನ್ನಿಗೆ ಆಸರೆ ಇಲ್ಲದೆ ತೋಳಿಗೆ ಬಲ ಬರುವುದು ಹೇಗೆ? ಸೀಟನ್ನು ಮೂರು ಇಂಚು ಮುಂದಕ್ಕೆ ತಂದು ಗಟ್ಟಿಯಾಗಿ ಬೋಲ್ಟ್ ಹಾಕಿಸಿ, ಬೆನ್ನಿಗೆ ದಿಂಬು ಹೊಲಿಸಿದೆವು. ಮುಂದಿನ ಭಾಗದ ಕೆಲಸ, ಟೈರು, ಸೀಟು ಎಲ್ಲ ಸೇರಿ 42,000 ರೂಪಾಯಿ. ಲೆಕ್ಕ ಬರೆದವಳು ನಾನೇ.

ಮೊದಲ ದಿನ ಅತ್ತಿಗೆ ಅಂಗಳದಿಂದ ಗಾಡಿ ತೆಗೆದಾಗ ಅಣ್ಣ ಜಗಲಿಯಲ್ಲಿ ಕೋಲು ಹಿಡಿದು ಕೂತಿದ್ದ. ಹಳ್ಳದವರೆಗೆ ಹೋಗಿ ತಿರುಗಿಸಿಕೊಂಡು ಬಂದರು. ಅಣ್ಣ ಏನು ಹೇಳುತ್ತಾನೋ ಎಂದು ನಾನು ಕಾಯುತ್ತಿದ್ದೆ. ಅವನು ಕೇಳಿದ್ದು, "ಗ್ರೀಸ್ ಹೊಡೆಯೋ ಗನ್ನು ತಂದಿದೀರೋ ಇಲ್ವೋ?" ತಂದಿದ್ದೆವು. ಈಗ ತಿಂಗಳಿಗೊಮ್ಮೆ ಶಾಕಲ್ ಪಿನ್ನುಗಳಿಗೆ ಗ್ರೀಸ್ ಹೊಡೆಯುವುದು ಅಣ್ಣನ ಕೆಲಸ. ಸ್ಟೂಲ್ ಹಾಕಿಕೊಂಡು ಕೂತು, ಬಲಗೈಯಲ್ಲಿ ಮಾಡುತ್ತಾನೆ. ಗಾಡಿ ಬಿಡುವುದು ಅತ್ತಿಗೆ. ಎರಡು ಕೊಯ್ಲು ಮುಗಿದಿವೆ. ಆರ್‌ಸಿ ನವೀಕರಣವಾಗಿದೆ. ತೋಟ ಗುತ್ತಿಗೆಗೆ ಹೋಗಿಲ್ಲ.

ಮುಗಿಸುವ ಮೊದಲು, ಕಾರು ಓಡಿಸುವ ನನ್ನ ಅಕ್ಕತಂಗಿಯರಿಗೆ ನಾಲ್ಕು ಮಾತು. ಗಾಡಿ ನಿಂತಿರುವಾಗ ಸ್ಟೇರಿಂಗ್ ತಿರುಗಿಸಬೇಡಿ, ಒಂಚೂರು ಉರುಳಲಿ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಸ್ಟೇರಿಂಗ್ ನಡುಗಲು ಶುರುವಾದರೆ ಹೆದರಿ ಬ್ರೇಕ್ ಮೇಲೆ ನಿಲ್ಲಬೇಡಿ, ಆಕ್ಸಿಲರೇಟರ್ ಬಿಟ್ಟು, ಗಟ್ಟಿಯಾಗಿ ಹಿಡಿದು, ನಿಧಾನಕ್ಕೆ ವೇಗ ಇಳಿಸಿ. ಗ್ಯಾರೇಜಿನಲ್ಲಿ "ಬದಲಾಯಿಸಿದ ಹಳೇ ಪಾರ್ಟ್ ತೋರಿಸಿ" ಎಂದು ಸಂಕೋಚ ಇಲ್ಲದೆ ಕೇಳಿ.

ಕಾರ್ಯದರ್ಶಿಯವರು ಕೇಳಿದ್ದರು, ಅದರಲ್ಲಿ ನಮಗೇನಿದೆ ಎಂದು. ನೋಡಿ, ಇದನ್ನು ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದೇನೆ. ಇದು ಆ ಬಲಗಡೆಯ ಕಿಂಗ್ ಪಿನ್ ಬೇರಿಂಗಿನ ಬಟ್ಟಲು. ಒಳಗಿನ ಗುಳಿಗಳು ಬೆರಳಿಗೆ ಸಿಗುತ್ತವೆ. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಮುಟ್ಟಿ ನೋಡಿ. ಇನ್ನು ಮೇಲೆ ಯಾರಾದರೂ "ಇದು ನಿಮ್ಮ ಕೈಲಾಗುವುದಲ್ಲ" ಎಂದರೆ, ಒಪ್ಪಿಕೊಳ್ಳುವ ಮೊದಲು ಒಮ್ಮೆ ಜಾಕ್ ಕೊಟ್ಟು ಎತ್ತಿ ನೋಡಿ ಎಂದಷ್ಟೇ ನನ್ನ ಮಾತು.

ಬಟ್ಟಲು ಮಾತ್ರ ದಯವಿಟ್ಟು ವಾಪಸ್ ಕೊಡಿ, ಅತ್ತಿಗೆಗೆ ಹಿಂತಿರುಗಿಸಬೇಕು.